ತಂತಿ ಮಾಷ್ಟ್ರು ತೀರಿಕೊಂಡರು (ಈ ಸಲ ನಿಜ)

ಅಡಿಕೆಹಾಳೆ:
ಎಲ್ಲರಿಗೂ ನಮಸ್ಕಾರ. ನೀರ್ಚಾಲು ಕಡೆಯ ನಮ್ಮ ತಂತಿ ಮಾಷ್ಟ್ರು (ತಂತಿ, ಅಂದರೆ ಟೆಲಿಗ್ರಾಂ, ಕಚೇರಿಯಲ್ಲಿದ್ದವರು) ನಿನ್ನೆ ಬೆಳಗಿನ ಜಾವ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. 85 ದಾಟಿತ್ತು. ಮಳೆಗಾಲ ಸುರುವಾದಾಗ ಹಿಡಿದ ಕೆಮ್ಮು ಬಿಡಲೇ ಇಲ್ಲ. ಸಂಬಂಧದಲ್ಲಿ ನನಗೆ ದೊಡ್ಡಪ್ಪ. ಸಂಜೆ ಮನೆಯ ತೋಟದ ಬದಿಯಲ್ಲೇ ಸಂಸ್ಕಾರ ಆಯಿತು.

'ಈ ಸಲ ನಿಜ' ಅಂತ ಯಾಕೆ ಬರೆದೆ ಅಂದರೆ, ಅದರ ಹಿಂದಿನ ದಿನವೇ ಊರಿನ ಒಂದು ವಾಟ್ಸಾಪ್ ಗುಂಪಿನಲ್ಲಿ ಅವರಿಗೆ ಶ್ರದ್ಧಾಂಜಲಿ ಬಿದ್ದಿತ್ತು. ಫೋಟೋ, ದೀಪ, ಓಂ ಶಾಂತಿ, ಎಲ್ಲ ಇತ್ತು. ಆ ಹೊತ್ತಿಗೆ ದೊಡ್ಡಪ್ಪ ಐಸಿಯುನಲ್ಲಿ ಎಚ್ಚರವಾಗಿದ್ದು ಗಂಜಿ ಕೇಳುತ್ತಿದ್ದರು. ಬೊಂಬಾಯಿಯಿಂದ ಯಾರೋ ಫೋನ್ ಮಾಡಿ ಅತ್ತಾಗ ದೊಡ್ಡಮ್ಮ ವರಾಂಡದಲ್ಲೇ ಕುಸಿದು ಕೂತರು. ಒಳಗೆ ಹೋಗಿ ನೋಡಿದರೆ ಗಂಡ ಜೀವಂತ! ದೊಡ್ಡಮ್ಮನ ಮುಖ ನೋಡಿ ಅವರೇ ಎಂತ ಆಯಿತು ಅಂತ ಕೇಳಿದರು. ಹೇಳಲೇಬೇಕಾಯಿತು. 'ಕಳಿಸಿದವರ ಹೆಸರು ಉಂಟಾ ಅದರಲ್ಲಿ?' ಎಂದರು. ಇಲ್ಲ, ಫಾರ್ವರ್ಡ್ ಆಗಿ ಬಂದದ್ದು ಎಂದೆ. 'ಮತ್ತೆಂತಕ್ಕೆ ನಂಬಿದ್ದು?' ಅಂತ ದೊಡ್ಡಮ್ಮನಿಗೇ ಗದರಿದರು.

ಯಾರು ಮೊದಲು ಹಾಕಿದ್ದು ಅಂತ ನಾನು ಹುಡುಕಲು ಹೋಗುವುದಿಲ್ಲ. ಇಲ್ಲಿ ಬರೆಯಲು ಬೇರೆ ಕಾರಣ ಇದೆ. ಅವರ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ಕೂತರೆ ನಮಗೆ ಯಾರಿಗೂ ಹೆಚ್ಚು ಗೊತ್ತಿಲ್ಲ. ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ ಹುಟ್ಟಿದವರು. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಸೇರಿದಾಗ ಇನ್ನೂ ಶಾಲೆಯಲ್ಲಿದ್ದರಂತೆ. ಅರವತ್ತರ ದಶಕದ ಆರಂಭದಲ್ಲಿ ಅಂಚೆ ತಂತಿ ಇಲಾಖೆ. ಬೊಂಬಾಯಿ, ಆಮೇಲೆ ಮಂಗಳೂರು, ಕೊನೆಗೆ ನಮ್ಮ ಕಡೆಯ ಒಂದು ಪೇಟೆಯ ತಂತಿ ಕಚೇರಿಗೆ ಇನ್‌ಚಾರ್ಜ್. 1999ರಲ್ಲಿ ನಿವೃತ್ತಿ. ಇಷ್ಟೇ. ಆಫೀಸಿನ ಸುದ್ದಿ ಮನೆಯಲ್ಲಿ ಒಂದೂ ಹೇಳಿದವರಲ್ಲ. ಜತೆಗೆ ಕೆಲಸ ಮಾಡಿದವರು, ಅವರಿಂದ ತಂತಿ ಪಡೆದವರು ಇದ್ದರೆ ದಯವಿಟ್ಟು ಬರೆಯಿರಿ.

ಕುಂಬಳೆ ಕಡಲು:
ಓಂ ಶಾಂತಿ. ನಾನೂ ಆ ಗುಂಪಿನಲ್ಲಿದ್ದೇನೆ, ನಾಚಿಕೆಯಾಯಿತು ಮಾರಾಯ್ರೆ.

ಫೋರ್ಟ್ ಲೋಕಲ್:
ನಾನು ಅವರಿಗಿಂತ ಕಿರಿಯ. ಬೊಂಬಾಯಿಯ ಸೆಂಟ್ರಲ್ ಟೆಲಿಗ್ರಾಫ್ ಆಫೀಸಿನಲ್ಲಿ ಕೆಲವು ವರ್ಷ ಒಟ್ಟಿಗೆ ಇದ್ದೆವು. ಫ್ಲೋರಾ ಫೌಂಟನ್ ಹತ್ತಿರದ ಆ ಕಟ್ಟಡ ನೋಡಿದವರಿಗೆ ಗೊತ್ತು. ಹಗಲು ರಾತ್ರಿ ಅಂತ ಇಲ್ಲ, ಮೂರೂ ಪಾಳಿಯಲ್ಲಿ ಗಲಗಲ. ಟೆಲಿಪ್ರಿಂಟರುಗಳ ಸದ್ದು ಒಂದು ಕಡೆ, ಮೋರ್ಸ್ ಸದ್ದು ಇನ್ನೊಂದು ಕಡೆ.

ಈಗಿನವರು ಸಿನಿಮಾ ನೋಡಿ ಮೋರ್ಸ್ ಅಂದರೆ ಬೀಪ್ ಬೀಪ್ ಅಂತ ತಿಳಿದಿದ್ದಾರೆ. ನಮ್ಮ ಸೌಂಡರ್ ಬೀಪ್ ಅನ್ನುತ್ತಿರಲಿಲ್ಲ. ಅದು ಹಿತ್ತಾಳೆಯ ಒಂದು ಸಣ್ಣ ಸನ್ನೆ. ಕರೆಂಟು ಬಂದಾಗ ಕೆಳಗೆ ಬಡಿದು ಒಂದು ಟಕ್, ಹೋದಾಗ ಮೇಲೆ ಬಡಿದು ಇನ್ನೊಂದು ಟಕ್. ಎರಡು ಟಕ್‌ಗಳ ನಡುವಿನ ಸಮಯ ಗಿಡ್ಡವಾದರೆ ಚುಕ್ಕೆ, ಉದ್ದವಾದರೆ ಗೆರೆ. ಅಂದರೆ ಕಿವಿ ಕೇಳಬೇಕಾದದ್ದು ಸದ್ದನ್ನಲ್ಲ, ನಡುವಿನ ಖಾಲಿಯನ್ನು. ಇಂಗ್ಲಿಷಿನ 'ಇ' ಅಕ್ಷರಕ್ಕೆ ಒಂದೇ ಚುಕ್ಕೆ, 'ಟಿ' ಅಕ್ಷರಕ್ಕೆ ಒಂದೇ ಗೆರೆ. ಜಾಸ್ತಿ ಬಳಕೆಯ ಅಕ್ಷರಕ್ಕೆ ಗಿಡ್ಡ ಗುರುತು. ಹೊಸಬರು ಚುಕ್ಕೆ ಗೆರೆ ಲೆಕ್ಕ ಹಾಕುತ್ತಾ ಕೂರುತ್ತಾರೆ. ಪಳಗಿದವರಿಗೆ ಇಡೀ ಪದ ಒಟ್ಟಿಗೇ ಕೇಳುತ್ತದೆ. ಇವರು ಬಲಗೈಯಲ್ಲಿ ಬರೆಯುತ್ತಾ, ಎಡಗೈಯಲ್ಲಿ ಚಹಾ ಹಿಡಿದು, ಪಕ್ಕದವನಿಗೆ ತುಳುವಿನಲ್ಲಿ ಉತ್ತರ ಕೊಡುತ್ತಿದ್ದರು. ಮೂರೂ ತಪ್ಪುತ್ತಿರಲಿಲ್ಲ.

ಇನ್ನೊಂದು ವಿಷಯ. ಕೀ ಒತ್ತುವ ಕೈ ಒಬ್ಬೊಬ್ಬರದು ಒಂದೊಂದು ಥರ. ಆಚೆ ತುದಿಯಲ್ಲಿ ಪುಣೆಯವನಾ, ಮದ್ರಾಸಿನವನಾ, ಅವನಿಗೆ ಇವತ್ತು ನಿದ್ದೆ ಕಡಿಮೆ ಆಗಿದೆಯಾ, ಎಲ್ಲ ಗೊತ್ತಾಗುತ್ತಿತ್ತು. ಮುಖವನ್ನೇ ನೋಡದ ಎಷ್ಟೋ ಗೆಳೆಯರು ನಮಗೆ.

1968ರ ಸೆಪ್ಟೆಂಬರ್ 19ರ ಕೇಂದ್ರ ನೌಕರರ ಮುಷ್ಕರದಲ್ಲಿ ಇವರೂ ಇದ್ದರು. ಒಂದೇ ದಿನದ ಮುಷ್ಕರ. ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತಂದಿತ್ತು. ದೇಶದ ತುಂಬಾ ಎಷ್ಟೋ ಜನ ಜೈಲಿಗೆ ಹೋದರು, ಸಸ್ಪೆಂಡ್ ಆದರು. ಇವರೂ ಕೆಲವು ಕಾಲ ಸಂಬಳ ಇಲ್ಲದೆ ಮಾಟುಂಗದ ಒಂದು ಖಾನಾವಳಿಯಲ್ಲಿ ಸಾಲದ ಊಟ ಮಾಡಿದರು. ಮನೆಯಲ್ಲಿ ಇದನ್ನೂ ಹೇಳಿರಲಿಕ್ಕಿಲ್ಲ.

ಅಡಿಕೆಹಾಳೆ:
ಇಲ್ಲ! ಜೈಲು, ಸಸ್ಪೆಂಡ್ ಯಾವುದೂ ಗೊತ್ತಿಲ್ಲ. ದೊಡ್ಡಮ್ಮನಿಗೆ ಓದಿ ಹೇಳಿದೆ. 'ಮದುವೆಗೆ ಮೊದಲಿನದ್ದು ನನಗೆ ಹೇಗೆ ಗೊತ್ತು' ಎಂದರು.

ಪೆರ್ಲದ ಸೊಸೆ:
ನಮ್ಮ ಅತ್ತೆಯವರಿಗೆ ಈಗಲೂ ಗೇಟಿನಲ್ಲಿ ಖಾಕಿ ಬಟ್ಟೆ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ತಂತಿ ಅಂದರೆ ಸಾವು ಅಂತಲೇ ಲೆಕ್ಕ ಆಗ. ಕಾಗದ ಬಿಡಿಸುವ ಮೊದಲೇ ಹೆಂಗಸರು ಅಳಲು ಸುರುಮಾಡುತ್ತಿದ್ದರಂತೆ. ಆಮೇಲೆ ಇಂಗ್ಲಿಷ್ ಬರುವ ಯಾರನ್ನೋ ಹುಡುಕಿ ಓದಿಸಿದರೆ, ಬೊಂಬಾಯಿಯಲ್ಲಿ ಗಂಡು ಮಗು ಹುಟ್ಟಿದ ಸುದ್ದಿ.

'ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮಿಡಿಯೇಟ್ಲಿ' ಅಂತ ಬಂದರೆ ಮಾತ್ರ ಯಾರೂ ಯಾರಿಗೂ ಅರ್ಥ ಹೇಳಬೇಕಾಗಿರಲಿಲ್ಲ. ಸೀರಿಯಸ್ ಅಂದರೆ ಮುಗಿದಿದೆ ಅಂತಲೇ. ದೂರದಲ್ಲಿರುವ ಮಗ ದಾರಿಯುದ್ದಕ್ಕೂ ಆಸೆ ಇಟ್ಟುಕೊಂಡು ಬರಲಿ ಅಂತ ಹಾಗೆ ಬರೆಸುತ್ತಿದ್ದರು. ಮಗನಿಗೂ ಗೊತ್ತು. ಆದರೂ.

ಗೇರುಬೀಜ 2004:
ಸಣ್ಣವನ ಪ್ರಶ್ನೆ, ಬೈಬೇಡಿ. ಎಲ್ಲ ಇಂಗ್ಲಿಷಿನಲ್ಲೇ ಯಾಕೆ? ಕನ್ನಡದಲ್ಲಿ ಕಳಿಸಲು ಆಗುತ್ತಿರಲಿಲ್ಲವಾ?

ಫೋರ್ಟ್ ಲೋಕಲ್:
ಮೋರ್ಸ್ ಇಂಗ್ಲಿಷ್ ಅಕ್ಷರಕ್ಕೆ ಮಾಡಿದ್ದು. 1949ರಿಂದ ದೇವನಾಗರಿಯಲ್ಲೂ ತಂತಿ ಬಂತು. ಕನ್ನಡಕ್ಕೆ, ಮಲಯಾಳಕ್ಕೆ ಬರಲಿಲ್ಲ. ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಬಹುದಿತ್ತು. ಬಂಗಾಳದ ಆಪರೇಟರ್ ಕೈಯಲ್ಲಿ ಅದು ಏನಾಗುತ್ತಿತ್ತು ಅಂತ ನೀವೇ ಊಹಿಸಿ.

ಪದಕ್ಕೆ ಲೆಕ್ಕ. ವಿಳಾಸದ ಪದಗಳಿಗೂ ದುಡ್ಡು. ಎಕ್ಸ್‌ಪ್ರೆಸ್ ಆದರೆ ಎರಡು ಪಟ್ಟು. ಶುಭಾಶಯಕ್ಕೆ ಮಾತ್ರ ಒಂದು ಸುಲಭ ದಾರಿ ಇತ್ತು. ಇಲಾಖೆಯೇ ವಾಕ್ಯಗಳ ಪಟ್ಟಿ ಮಾಡಿ ನಂಬರ್ ಕೊಟ್ಟಿತ್ತು. 8 ಅಂದರೆ ದೀರ್ಘವಾದ ಸುಖೀ ದಾಂಪತ್ಯಕ್ಕೆ ಹಾರೈಕೆ. 16 ಅಂದರೆ ನವದಂಪತಿಗೆ ಸ್ವರ್ಗದ ಆಶೀರ್ವಾದ. ನಾವು ನಂಬರ್ ಮಾತ್ರ ಒತ್ತುತ್ತಿದ್ದೆವು, ಆಚೆಯವರು ಇಡೀ ವಾಕ್ಯ ಬರೆದು ಹೂವಿನ ಚಿತ್ರದ ಕಾಗದದಲ್ಲಿ ಕೊಡುತ್ತಿದ್ದರು. ಮದುವೆ ಸೀಸನ್‌ನಲ್ಲಿ ಇಡೀ ದಿನ ಎಂಟು, ಹದಿನಾರು, ಎಂಟು, ಹದಿನಾರು. ಸಾವಿನ ತಂತಿಯ ತಲೆಯಲ್ಲಿ ಎರಡು 'ಎಕ್ಸ್' ಅಕ್ಷರ. ಅದು ಬಂದರೆ ಉಳಿದದ್ದೆಲ್ಲ ಬದಿಗೆ.

ಹಳೆಮಂಡಿ:
ನಮ್ಮ ಅಜ್ಜನದು ಅಡಿಕೆ ವ್ಯಾಪಾರ. ಲೆಟರ್‌ಹೆಡ್ಡಿನ ಮೂಲೆಯಲ್ಲಿ 'ಗ್ರಾಂ' ಅಂತ ಒಂದೇ ಪದದ ವಿಳಾಸ ಇತ್ತು. ದುಡ್ಡು ಕಟ್ಟಿ ನೋಂದಾಯಿಸಿದ್ದು. ಉದ್ದ ವಿಳಾಸ ಬರೆಸಿ ಪ್ರತಿ ಸಲ ಹಣ ಕಳೆಯುವುದು ಬೇಡ ಅಂತ. ರೇಟು ತಂತಿಯಲ್ಲೇ ಬರುತ್ತಿತ್ತು.

ಮಾಷ್ಟ್ರ ಬಗ್ಗೆ ಅಪ್ಪ ಹೇಳುವ ಕತೆ ಇದು. ಒಂದು ಬೆಳಿಗ್ಗೆ ಬೊಂಬಾಯಿಯಿಂದ ರೇಟು ಏರಿದ ತಂತಿ ನಮ್ಮ ಅಂಗಡಿಗೆ ಬಂತು. ಕೈಬರಹ ಮಾಷ್ಟ್ರದ್ದೇ. ಅದೇ ಮಧ್ಯಾಹ್ನ ಅವರ ಸ್ವಂತ ತಮ್ಮ ಅಡಿಕೆ ತಂದು ಹಳೇ ರೇಟಿಗೆ ನಮ್ಮಲ್ಲೇ ಕೊಟ್ಟು ಹೋದ. ಒಂದು ದಿನ ತಡೆ ಅಂತ ಮಾಷ್ಟ್ರು ತಮ್ಮನಿಗೂ ಹೇಳಿರಲಿಲ್ಲ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು ಅಲ್ವಾ? ನಮ್ಮಜ್ಜನೂ ತುಟಿ ಬಿಚ್ಚಲಿಲ್ಲ. ಅವರದು ಬೇರೆ ಕಾರಣ, ವ್ಯಾಪಾರ!

ಅಡಿಕೆಹಾಳೆ:
ಆ ತಮ್ಮ ನಮ್ಮ ಚಿಕ್ಕಪ್ಪ. ಅವರಿಗೆ ಇದನ್ನು ತೋರಿಸಬೇಕಾ ಬೇಡವಾ ಅಂತ ಯೋಚನೆ ಮಾಡುತ್ತಿದ್ದೇನೆ.

ಉಪ್ಪಳ ಕಾಕ:
ನನ್ನ ಬಾಪ್ಪ ದುಬಾಯಿಯಲ್ಲಿದ್ದರು. ಮೊದಲ ಸಲ ಹೋದಾಗ ತಲುಪಿದ ಸುದ್ದಿ ತಂತಿಯಲ್ಲೇ ಬಂದದ್ದು. ತಂತಿ ತರುವವನು ಒಬ್ಬ ಸೈಕಲ್ ಹುಡುಗ. ಪಾಪದ ಜನ. ಒಳ್ಳೆಯ ಸುದ್ದಿ ಆದರೆ ರಸ್ತೆ ತಿರುವಿನಿಂದಲೇ ಬೆಲ್ ಹೊಡೆಯುತ್ತಾ ಬರುತ್ತಿದ್ದ. ಹೆಂಗಸರು ಹೆದರಬಾರದು ಅಂತ. ಚಿಲ್ಲರೆಯೂ ಸಿಗುತ್ತಿತ್ತು ಅನ್ನಿ. ಬೆಲ್ ಇಲ್ಲದೆ ಬಂದರೆ ಉಮ್ಮ ಒಳಗೆ ಓಡುತ್ತಿದ್ದರು.

ಇದು ಮಾಷ್ಟ್ರಿಗೆ ಗೊತ್ತಾಯಿತು. ಅವನನ್ನು ಕರೆದು ಸರಿಯಾಗಿ ಬೈದರು. ಬೆಲ್ ಹೊಡೆದರೆ ಒಳಗಿನ ಸುದ್ದಿ ಹೊರಗೆ ಹೇಳಿದ ಹಾಗೆ ಆಯಿತು, ಇನ್ನು ಹೊಡೆದರೆ ಕೆಲಸ ಇಲ್ಲ ಅಂತ. ಅಲ್ಲಿಂದ ಎಲ್ಲ ಮನೆಗೂ ಒಂದೇ ಥರ, ಬೆಲ್ ಇಲ್ಲದೆ. ನಮ್ಮ ಉಮ್ಮ ಮಾಷ್ಟ್ರನ್ನು ಬಹಳ ಬೈದುಕೊಂಡಿದ್ದಾರೆ. ನನಗೂ ಅದು ಸ್ವಲ್ಪ ಜಾಸ್ತಿ ಆಯಿತು ಅಂತಲೇ ಅನಿಸುತ್ತದೆ. ಅಲ್ಲಾಹು ಅವರಿಗೆ ಒಳ್ಳೆಯದು ಮಾಡಲಿ.

ಸ್ಟ್ರಿಂಗರ್:
ಬೈದುಕೊಂಡವರ ಪಟ್ಟಿಯಲ್ಲಿ ನನ್ನದೂ ಹೆಸರು ಇರಲಿ. ನಾನು ಮಂಗಳೂರಿನ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಪ್ರೆಸ್ ತಂತಿಗೆ ಕಡಿಮೆ ದರ, ಕೈಯಲ್ಲೊಂದು ಕಾರ್ಡ್. ಕಾಸರಗೋಡಿನ ಕನ್ನಡಿಗರ ಸಭೆ, ಮೆರವಣಿಗೆ, ಮಹಾಜನ್ ವರದಿ ಜಾರಿಯಾಗಲಿ ಅನ್ನುವ ಠರಾವು, ಇದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಬರೆದು ಕೊಡುತ್ತಿದ್ದೆ. ಮಂಗಳೂರಿನಲ್ಲಿ ಅದನ್ನು ಮತ್ತೆ ಕನ್ನಡ ಮಾಡುತ್ತಿದ್ದರು. ಕನ್ನಡಕ್ಕಾಗಿ ಮಾಡಿದ ಹೋರಾಟದ ಸುದ್ದಿ ಹೋಗುತ್ತಿದ್ದುದು ಹೀಗೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ್ ಆಯೋಗ 1967ರಲ್ಲಿ ಬರೆದದ್ದು ಇವತ್ತಿಗೂ ಕಾಗದದಲ್ಲೇ ಇದೆ, ಅದು ಬೇರೆ ಮಾತು.

1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗೆ ಸೆನ್ಸಾರ್. ನನ್ನ ಒಂದು ತಂತಿಯನ್ನು ಮಾಷ್ಟ್ರು ಓದಿ, ಮಡಚಿ, ಹಿಂದೆ ಕೊಟ್ಟರು. 'ಒಪ್ಪಿಗೆ ಬೇಕು' ಎಂದರು. ನೀವು ಕನ್ನಡದವರಲ್ಲವಾ, ಮುಷ್ಕರ ಮಾಡಿದವರಲ್ಲವಾ ಅಂತ ನಾನು ಜೋರು ಮಾಡಿದೆ. ಬಾಯಿ ಬಿಡಲಿಲ್ಲ. ಕೋಪದಲ್ಲಿ ಎದ್ದು ಬಂದೆ. ಒಂದು ವಿಷಯ ಮಾತ್ರ ಒಪ್ಪಬೇಕು. ಆ ತಂತಿಯಲ್ಲಿ ನಾನು ಬರೆದದ್ದು ಮುಂದೆ ಯಾವತ್ತೂ ಪೊಲೀಸರ ಬಾಯಲ್ಲಿ ಬರಲಿಲ್ಲ. ಆ ದಿನಗಳಲ್ಲಿ ಅದು ಸಣ್ಣ ಮಾತಲ್ಲ.

ನೇರಮಾತು:
ಎಲ್ಲರೂ ಹೂವು ಏರಿಸುತ್ತಿದ್ದೀರಿ. ಸತ್ತವರ ಬಗ್ಗೆ ಕೆಟ್ಟದು ಹೇಳಬಾರದು, ಸರಿ. ಆದರೆ ನಮ್ಮ ಮನೆಗೆ ಆದದ್ದು ನಮಗೆ ಗೊತ್ತು.

ಎಪ್ಪತ್ತರ ದಶಕದ ಕೊನೆ. ನಮ್ಮ ಅತ್ತೆಯ ಮದುವೆ, ಮನೆಯಲ್ಲೇ ಚಪ್ಪರ. ಬೊಂಬಾಯಿಯಲ್ಲಿದ್ದ ಅಜ್ಜನ ತಮ್ಮ ಹಿಂದಿನ ರಾತ್ರಿ ತೀರಿಕೊಂಡರು. ಅಲ್ಲಿಂದ ಕೂಡಲೇ ತಂತಿ ಕೊಟ್ಟಿದ್ದಾರೆ. ಅದು ನಮ್ಮ ಮನೆಗೆ ಸಿಕ್ಕಿದ್ದು ಸಂಜೆ, ಊಟ ಮುಗಿದು ದಿಬ್ಬಣ ಹೋದ ಮೇಲೆ. ಮಾಷ್ಟ್ರು ಮದುವೆಗೆ ಬಂದು ಊಟ ಮಾಡಿ ಹೋಗಿದ್ದರು! ತಂತಿ ಆಗ ಅವರ ಮೇಜಿನಲ್ಲೇ ಇತ್ತು. ಒಳ್ಳೆಯದೇ ಮಾಡಿದರು ಅಂತ ಕೆಲವರು ಹೇಳುತ್ತಾರೆ. ಒಳ್ಳೆಯದು ಕೆಟ್ಟದು ತೀರ್ಮಾನ ಮಾಡಲು ಅವರು ಯಾರು? ನಮ್ಮ ಅಪ್ಪನಿಗೆ ಆ ಚಿಕ್ಕಪ್ಪ ಅಂದರೆ ಪ್ರಾಣ. ಮುಖ ನೋಡಲು ಸಿಗಲಿಲ್ಲ ಅಂತ ಸಾಯುವವರೆಗೂ ಕೊರಗಿದರು. ಮಾಷ್ಟ್ರ ಹತ್ತಿರ ಮಾತು ಬಿಟ್ಟರು.

ಕುಂಬಳೆ ಕಡಲು:
ಇದು ನಾನೂ ಕೇಳಿದ್ದೇನೆ. ಊರಲ್ಲಿ ಎಲ್ಲರಿಗೂ ಗೊತ್ತಿರುವ ಕತೆ.

ಟಿಎಂ ನಿವೃತ್ತ:
ನಾನೂ ಅದೇ ಇಲಾಖೆಯವನು, ಅವರ ಕೆಳಗೆ ಕೆಲಸ ಮಾಡಿಲ್ಲ. ನೇರಮಾತು ಅವರೇ, ನೀವು ಹೇಳಿದ್ದು ನಿಜವಾದರೆ ಅದು ಆಗ ಅಪರಾಧ. 1885ರ ಟೆಲಿಗ್ರಾಫ್ ಕಾಯ್ದೆಯ 26ನೇ ಸೆಕ್ಷನ್. ನೌಕರ ಬೇಕೆಂದೇ ತಂತಿಯನ್ನು ತಡೆದಿಟ್ಟರೂ ಅಷ್ಟೇ, ಒಳಗಿನ ವಿಷಯ ಹೊರಗೆ ಹೇಳಿದರೂ ಅಷ್ಟೇ. ಮೂರು ವರ್ಷದವರೆಗೆ ಜೈಲು. ಸೇರಿದ ದಿನವೇ ಇದನ್ನು ಓದಿಸಿ ಸಹಿ ಹಾಕಿಸುತ್ತಿದ್ದರು.

ಇನ್ನೊಂದು. ತಂತಿ ಕಾಗದದ ಮೇಲೆ ಅಲ್ಲಿ ಕೊಟ್ಟ ಹೊತ್ತು, ಇಲ್ಲಿ ಬಂದ ಹೊತ್ತು ಎರಡೂ ಇರುತ್ತಿತ್ತು. ಮನೆಗೆ ಕೊಟ್ಟಾಗ ರಸೀದಿಗೆ ಸಹಿ, ಗಂಟೆ ಬರೆಸಿಕೊಳ್ಳುತ್ತಿದ್ದರು. ಆಗ ದೂರು ಕೊಟ್ಟಿದ್ದರೆ ಒಂದು ವಾರದಲ್ಲಿ ಸತ್ಯ ಗೊತ್ತಾಗುತ್ತಿತ್ತು. ನಿಮ್ಮ ಅಜ್ಜ ಯಾಕೆ ದೂರು ಕೊಡಲಿಲ್ಲ?

ನೇರಮಾತು:
ಊರಿನವರು, ಪರಿಚಯದವರು, ಮದುವೆಗೆ ಬಂದವರು ಅಂತ ಬಿಟ್ಟಿರಬಹುದು. ಅಜ್ಜ ದೊಡ್ಡ ಮನಸ್ಸಿನವರು.

ಮಧೂರು ಭಟ್ಟ:
ಶಾಸ್ತ್ರದ ಮಾತು ಒಂದು ಸೇರಿಸುತ್ತೇನೆ. ಸೂತಕ ಕಿವಿಗೆ ಬಿದ್ದ ಮೇಲೆ. ದೂರದಲ್ಲಿ ಸತ್ತ ಸುದ್ದಿ ತಿಳಿಯದೆ ಮಾಡಿದ ಕಾರ್ಯಕ್ಕೆ ದೋಷ ಇಲ್ಲ. ಮದುವೆಯಲ್ಲಿ ನಾಂದಿ (ಸುರುವಿನ ಪೂಜೆ) ಆದ ಮೇಲೆ ಸುದ್ದಿ ಬಂದರೂ ಕಾರ್ಯ ನಿಲ್ಲಿಸಬೇಕಾಗಿಲ್ಲ. ನಾಂದಿಗೆ ಮೊದಲೇ ತಿಳಿದರೆ ಮಾತ್ರ ಮುಂದೆ ಹೋಗುವ ಹಾಗಿಲ್ಲ. ಹಾಗಾಗಿ ಪ್ರಶ್ನೆ ಇರುವುದು ಗಂಟೆಯದ್ದು. ಮತ್ತೆ, ಆಗ ಕೊಂಕಣ ರೈಲು ಇಲ್ಲ. ಅದು ಪೂರ್ತಿ ಸುರುವಾದದ್ದು 1998ರಲ್ಲಿ. ಬೊಂಬಾಯಿಗೆ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ. ಬೆಳಿಗ್ಗೆ ತಂತಿ ಸಿಕ್ಕಿದ್ದರೂ ಯಾರೂ ಮುಖ ನೋಡಲು ತಲುಪುತ್ತಿರಲಿಲ್ಲ.

ನೇರಮಾತು:
ತಲುಪುತ್ತಿದ್ದರೋ ಇಲ್ಲವೋ, ಹೊರಡುವ ಹಕ್ಕು ಇತ್ತಲ್ಲ?

ಮಧೂರು ಭಟ್ಟ:
ಅದು ಹೌದು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಅಡಿಕೆಹಾಳೆ:
ನೇರಮಾತು ಅಣ್ಣ, ನಿಮ್ಮ ನೋವು ಅರ್ಥ ಆಗುತ್ತದೆ. ನಮ್ಮ ಮನೆಯಲ್ಲೂ ಆ ಕತೆ ಗುಸುಗುಸು ಇತ್ತು. ನಾನೇ ಒಮ್ಮೆ ದೊಡ್ಡಪ್ಪನಿಗೆ ನೇರವಾಗಿ ಕೇಳಿದ್ದೆ, ಕಾಲೇಜಿಗೆ ಹೋಗುವಾಗ. 'ನೀನು ಆ ತಂತಿ ಕಳಿಸಿದವನಾ? ಪಡೆದವನಾ?' ಎಂದರು. ಎರಡೂ ಅಲ್ಲ ಎಂದೆ. 'ಹಾಗಾದರೆ ಊಟ ಮಾಡು.' ಮುಗಿಯಿತು.

ತೆಂಕುತಿಟ್ಟು:
ಜಗಳದ ನಡುವೆ ಒಂದು ಖುಷಿಯ ವಿಷಯ ಹೇಳಲೇ? ಅವರು ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದ ಯಕ್ಷಗಾನ) ಅರ್ಥ ಹೇಳುತ್ತಿದ್ದರು, ಗೊತ್ತಾ ನಿಮಗೆ? ಹಗಲಿಡೀ ಪದ ಲೆಕ್ಕ ಮಾಡುವ ಮನುಷ್ಯ ರಾತ್ರಿ ಮಾಗಧನಾಗಿ (ಜರಾಸಂಧ) ಕೂತರೆ ಭಾಗವತರು ಜಾಗಟೆ ಹಿಡಿದುಕೊಂಡು ಕಾಯಬೇಕು. ಎದುರು ಕೃಷ್ಣನಾಗಿ ಕೂತವರು ಸುಸ್ತು. ಒಂದು ಸಲ ಅನಂತಪುರದ ಹತ್ತಿರದ ಕೂಟದಲ್ಲಿ ಕೃಷ್ಣನ ಪಾತ್ರಧಾರಿ ತಡೆಯಲಾಗದೆ 'ಮಗಧರಾಜ, ಇಲ್ಲಿ ಪದಕ್ಕೆ ಕಾಸಿಲ್ಲ ಅಂತ ಸಡಿಲ ಬಿಟ್ಟಿದ್ದೀಯೋ?' ಅಂತ ಕೇಳಿಬಿಟ್ಟರು. ಸಭೆ ಉರುಳಾಡಿ ನಕ್ಕಿತು. ಮಾಷ್ಟ್ರು ಒಂದು ಕ್ಷಣ ಬಿಡಲಿಲ್ಲ. 'ಗೋವಳನೇ, ನಿನ್ನ ಮಾತಿಗೆ ಕಾಸು ಕೊಡುವವರು ಯಾರೂ ಇಲ್ಲದ ಕಾರಣ ನಿನಗೆ ಅದರ ಬೆಲೆ ಗೊತ್ತಿಲ್ಲ' ಎಂದರು. ಆ ಕೂಟದಲ್ಲಿ ನಾನು ಮದ್ದಳೆಗೆ ಕೂತಿದ್ದೆ.

ಅಡಿಕೆಹಾಳೆ:
ಇದು ಗೊತ್ತಿತ್ತು! ಮನೆಯಲ್ಲಿ ಹಟ್ಟಿಯ ದನಗಳಿಗೆ ಅರ್ಥ ಹೇಳಿ ಅಭ್ಯಾಸ ಮಾಡುತ್ತಿದ್ದರು.

ಗೇರುಬೀಜ 2004:
ತಂತಿ ನಿಂತಾಗ ಅವರಿಗೆ ಬೇಸರ ಆಯಿತಾ?

ಅಡಿಕೆಹಾಳೆ:
2013ರ ಜುಲೈ 15ಕ್ಕೆ ನಿಂತದ್ದು. ಕೊನೆಯ ದಿನ ಎಲ್ಲ ಕಡೆ ಕ್ಯೂ. ನೆನಪಿಗೆ ಅಂತ ಜನ ತಮಗೆ ತಾವೇ ತಂತಿ ಕಳಿಸಿಕೊಂಡರು. ನಾನು ಆಗ ಬೆಂಗಳೂರಿನಲ್ಲಿದ್ದೆ. ರಾಜಭವನ ರಸ್ತೆಯ ಸೆಂಟ್ರಲ್ ಟೆಲಿಗ್ರಾಫ್ ಆಫೀಸಿನಿಂದ ನಿಮಗೊಂದು ಕಳಿಸುತ್ತೇನೆ ಅಂತ ಫೋನ್ ಮಾಡಿದೆ. 'ಎಂತ ಸುದ್ದಿ?' ಎಂದರು. ಸುದ್ದಿ ಏನಿಲ್ಲ, ಸುಮ್ನೆ ನೆನಪಿಗೆ ಎಂದೆ. ಬೇಡ ಎಂದರು. ಅವರ ಪ್ರಕಾರ ತಂತಿ ಎಂಬತ್ತರ ದಶಕದಲ್ಲೇ ಸತ್ತಿತ್ತು, ಎಸ್‌ಟಿಡಿ ಬೂತುಗಳು ಬಂದಾಗ. 2013ರದ್ದು ಬರೀ ಉತ್ತರಕ್ರಿಯೆ.

ಹ್ಯಾಂ ಪೆಟ್ಟಿಗೆ:
ಅವರ ಹತ್ತಿರ ಮೋರ್ಸ್ ಕೀ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನಾವು ಹ್ಯಾಂ (ಹವ್ಯಾಸಿ) ರೇಡಿಯೋದವರು ಇನ್ನೂ ಮೋರ್ಸ್ ಬಳಸುತ್ತೇವೆ. ಜನರಲ್ ದರ್ಜೆಯ ಪರೀಕ್ಷೆಗೆ ಕಲಿಯಲೇಬೇಕು.

ಅಡಿಕೆಹಾಳೆ:
ಅಭ್ಯಾಸದ ಒಂದು ಕೀ ಇದೆ, ತರಬೇತಿಯಲ್ಲಿ ಸ್ವಂತ ದುಡ್ಡಿನಲ್ಲಿ ಕೊಂಡದ್ದು. ಮೊಮ್ಮಗಳು ತೆಗೆದಿಟ್ಟುಕೊಂಡಿದ್ದಾಳೆ. ಕೊಡುವ ಲಕ್ಷಣ ಇಲ್ಲ.

ಮುಳ್ಳೇರಿಯ ಮಗಳು:
ನಾನು ಇಲ್ಲಿ ಬರೆಯುವವಳಲ್ಲ, ಓದುವವಳು. ನೇರಮಾತು ನನ್ನ ಅಣ್ಣ (ದೊಡ್ಡಪ್ಪನ ಮಗ). ಅವನು ಬರೆದದ್ದು ಓದಿ ರಾತ್ರಿ ಅತ್ತೆಗೆ ಫೋನ್ ಮಾಡಿದೆ. ಆ ಮದುವೆಯ ಮದುಮಗಳು ಅವರೇ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದನ್ನು ಬರೆಯುತ್ತಿದ್ದೇನೆ. ಅವರೇ ಬರೆ ಎಂದದ್ದು.

ಅಜ್ಜ ತೀರಿಕೊಂಡ ಮೇಲೆ ಅವರ ಮರದ ಪೆಟ್ಟಿಗೆ ಬಿಡಿಸಿದ್ದು ಅತ್ತೆ. ಹಳೆಯ ಪಂಚಾಂಗಗಳ ನಡುವೆ ಆ ತಂತಿ ಇತ್ತು. ಅದರಲ್ಲಿ ಇಲ್ಲಿಗೆ ಬಂದ ಹೊತ್ತು ಬೆಳಗಿನ ಜಾವ. ಹಿಂಬದಿಯಲ್ಲಿ ಅಜ್ಜನದೇ ಅಕ್ಷರದಲ್ಲಿ ಕೈಗೆ ಸಿಕ್ಕಿದ ಗಂಟೆ ಬರೆದಿತ್ತು. ಅಜ್ಜನಿಗೆ ಎಲ್ಲದಕ್ಕೂ ಗಂಟೆ ಬರೆಯುವ ಅಭ್ಯಾಸ, ಅಣ್ಣನಿಗೂ ಗೊತ್ತು. ನಾಂದಿಗೆ ಕೂರುವ ಮೊದಲೇ ಅದು ಅಜ್ಜನ ಕೈ ಸೇರಿತ್ತು. ಅಜ್ಜ ಅದನ್ನು ಅಂಗಿಯ ಜೇಬಿಗೆ ಹಾಕಿ ಸ್ನಾನಕ್ಕೆ ಹೋಗಿದ್ದಾರೆ. ವಾರ ಕಳೆದು ಬೊಂಬಾಯಿಯ ಕಾಗದ ಬಂದಾಗ, ತಂತಿ ಅದೇ ದಿನ ಕೊಟ್ಟದ್ದು ಅಂತ ಎಲ್ಲರಿಗೂ ಗೊತ್ತಾಯಿತಲ್ಲ, ಆಗ ಅಜ್ಜನ ಬಾಯಲ್ಲಿ 'ಸಂಜೆ ಕೊಟ್ಟರು' ಅಂತ ಬಂತು. ಒಮ್ಮೆ ಹೇಳಿದ ಮೇಲೆ ಅದೇ ನಿಂತಿತು.

ಅತ್ತೆ ಮಾಷ್ಟ್ರ ಮನೆಗೆ ಹೋಗಿದ್ದರಂತೆ, ಅವರು ನಿವೃತ್ತರಾದ ಮೇಲೆ. ತಂತಿ ತೆಗೆದು ಎದುರಿಗಿಟ್ಟು, ಇಷ್ಟು ವರ್ಷ ನೀವು ಯಾಕೆ ಹೇಳಲಿಲ್ಲ ಎಂದರು. ಮಾಷ್ಟ್ರು ಕನ್ನಡಕ ಕೂಡಾ ಹಾಕಿಕೊಳ್ಳಲಿಲ್ಲ. 'ಅದು ನಿನ್ನ ಅಪ್ಪನ ಹೆಸರಿಗೆ ಬಂದದ್ದು, ಮಡಚಿ ಇಡು ಮಗಳೇ' ಎಂದು ಒಳಗೆ ಕೂಗಿ ಅವರಿಗೆ ಬೆಲ್ಲ ನೀರು ತರಿಸಿದರು.

ಟಿಎಂ ನಿವೃತ್ತ:
ಯಾವಾಗ ಕೊಟ್ಟದ್ದು, ಯಾರ ಕೈಗೆ ಕೊಟ್ಟದ್ದು, ಇದೂ ಹೊರಗೆ ಹೇಳುವ ವಿಷಯ ಅಲ್ಲ. ಮೇಲಿನವರು ಕೇಳಿದ್ದರೆ ರಸೀದಿ ತೋರಿಸುತ್ತಿದ್ದರು. ಊರಿನವರು ಕೇಳಿದರೆ ಇಲ್ಲ.

ಸ್ಟ್ರಿಂಗರ್:
ನಿವೃತ್ತಿ ಆದ ಮೇಲೂ?

ಟಿಎಂ ನಿವೃತ್ತ:
ಎಲ್ಲರೂ ಹಾಗಿರುವುದಿಲ್ಲ. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ, ಸುಳ್ಳು ಯಾಕೆ.

ನೇರಮಾತು:
ತಂಗಿ, ಇದನ್ನು ಮೊದಲು ನನಗೆ ಹೇಳಬಹುದಿತ್ತು. ಅಜ್ಜ ಈಗ ಇಲ್ಲ, ಅವರ ಪರವಾಗಿ ಮಾತಾಡುವವರೂ ಇಲ್ಲ. ಮನೆಯಲ್ಲಿ ಮದುವೆ ನಿಂತರೆ ಆ ಕಾಲದಲ್ಲಿ ಹುಡುಗಿಯ ಗತಿ ಏನಾಗುತ್ತಿತ್ತು ಅಂತಲೂ ಯೋಚಿಸಬೇಕು. ಮಾಷ್ಟ್ರು ಒಂದು ಮಾತು ಹೇಳಿದ್ದರೆ ನಮ್ಮ ಅಪ್ಪ ಅವರೊಂದಿಗೆ ಮಾತು ಬಿಡುತ್ತಿರಲಿಲ್ಲ, ಇದು ನನ್ನ ಅಭಿಪ್ರಾಯ, ಈಗಲೂ. ಉಳಿದದ್ದು ನಮ್ಮ ಮನೆಯ ವಿಷಯ. ಬೊಜ್ಜಕ್ಕೆ (ಉತ್ತರಕ್ರಿಯೆಗೆ) ನಾನು ಬರುತ್ತೇನೆ.

ಪೆರ್ಲದ ಸೊಸೆ:
ನಿಮ್ಮ ಅಪ್ಪ ಆಗ ಮಾತು ಬಿಡುತ್ತಿದ್ದುದು ಅಜ್ಜನೊಂದಿಗೆ. ಅದು ಒಳ್ಳೆಯದಿತ್ತಾ? ಸುಮ್ನೆ ಕೇಳಿದೆ.

ಅಡಿಕೆಹಾಳೆ:
ನೇರಮಾತು ಅಣ್ಣ, ಖಂಡಿತ ಬನ್ನಿ. ದೊಡ್ಡಮ್ಮನಿಗೆ ಇದೆಲ್ಲ ಓದಿ ಹೇಳಿಲ್ಲ, ಹೇಳುವುದೂ ಇಲ್ಲ.

ಈಗ ಒಂದು ಸಹಾಯ ಬೇಕು. ಟಿಎಂ ಸರ್, ಫ್ಯಾಮಿಲಿ ಪಿಂಚಣಿಗೆ ಎಂತೆಲ್ಲ ಬೇಕು? ನಾವು ಇರುವುದು ಕೇರಳ, ಸಾವು ಆದದ್ದು ಕರ್ನಾಟಕದಲ್ಲಿ. ಪಂಚಾಯತಿಗೆ ಹೋದರೆ ಇಲ್ಲಿ ಆಗುವುದಿಲ್ಲ ಎಂದರು.

ಟಿಎಂ ನಿವೃತ್ತ:
ಪಂಚಾಯತಿಯವರು ಹೇಳಿದ್ದು ಸರಿ. ಮರಣ ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಆಸ್ಪತ್ರೆಯವರು ಮಂಗಳೂರಿನ ಮಹಾನಗರ ಪಾಲಿಕೆಗೆ ವರದಿ ಕಳಿಸುತ್ತಾರೆ. 21 ದಿನದ ಒಳಗೆ ಆಗಿದೆಯಾ ಅಂತ ನೋಡಿಕೊಳ್ಳಿ, ತಡವಾದರೆ ಅಲೆದಾಟ. ಐದಾರು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ. ಹುಟ್ಟಿದ್ದು ದಕ್ಷಿಣ ಕನ್ನಡದಲ್ಲಿ, ಸಾವಿನ ಕಾಗದವೂ ಅಲ್ಲಿಯದೇ ಆಯಿತು ನೋಡಿ.

ಮತ್ತೆ ಪಿಪಿಓ (ಪಿಂಚಣಿ ಆದೇಶದ ಕಾಗದ), ದೊಡ್ಡಮ್ಮನ ಆಧಾರ್, ಪಾನ್, ಬ್ಯಾಂಕ್ ಪುಸ್ತಕ. ಪಿಂಚಣಿ ಬ್ಯಾಂಕಿನಿಂದ ಬರುತ್ತಿತ್ತಾ, ಇಲಾಖೆಯ ಸಂಪನ್ನ ವ್ಯವಸ್ಥೆಯಿಂದ ನೇರ ಬರುತ್ತಿತ್ತಾ ನೋಡಿ, ಅರ್ಜಿ ಅಲ್ಲಿಗೇ. ತೀರಿಕೊಂಡ ದಿನದವರೆಗಿನ ಪಿಂಚಣಿ ಅವರದು, ಅದರ ನಂತರದ್ದು ಖಾತೆಗೆ ಬಿದ್ದರೆ ತೆಗೆಯಬೇಡಿ. ಮಾಷ್ಟ್ರಿಗೆ 67 ದಾಟಿದ್ದರಿಂದ ದೊಡ್ಡಮ್ಮನಿಗೆ ಸಿಗುವುದು ಸಾಮಾನ್ಯ ದರ, ಕೊನೆಯ ಮೂಲ ವೇತನದ ಶೇಕಡಾ 30, ಮೇಲೆ ತುಟ್ಟಿ ಪರಿಹಾರ (ಡಿಆರ್). ದೊಡ್ಡಮ್ಮನ ವಯಸ್ಸು ಎಷ್ಟು?

ಅಡಿಕೆಹಾಳೆ:
79.

ಟಿಎಂ ನಿವೃತ್ತ:
80 ತುಂಬಿದಾಗ ಶೇಕಡಾ 20 ಹೆಚ್ಚುವರಿ ಸೇರುತ್ತದೆ, 85ಕ್ಕೆ 30. ಪಿಪಿಓದಲ್ಲಿ ಅವರ ಹುಟ್ಟಿದ ತಾರೀಕು ಸರಿ ಇದೆಯಾ ಅಂತ ಈಗಲೇ ನೋಡಿ. ಎಷ್ಟೋ ಕಡೆ ಅದು ಖಾಲಿ ಇರುತ್ತದೆ.

ಅಡಿಕೆಹಾಳೆ:
ಫೈಲ್ ತೆಗೆದು ನೋಡಿದೆ. ತಾರೀಕು ಇದೆ. ಎಲ್ಲ ಕಾಗದ ನಂಬರ್ ಹಾಕಿ ದಾರದಲ್ಲಿ ಕಟ್ಟಿಟ್ಟಿದ್ದಾರೆ. ಒಂದೇ ತೊಂದರೆ, ಪಿಪಿಓದಲ್ಲಿ ದೊಡ್ಡಮ್ಮನ ಹೆಸರಿನ ಮುಂದೆ ಗಂಡನ ಹೆಸರು, ಆಧಾರ್ ಕಾರ್ಡಿನಲ್ಲಿ ತವರಿನ ಮನೆಹೆಸರು.

ಟಿಎಂ ನಿವೃತ್ತ:
ಇಬ್ಬರೂ ಒಬ್ಬರೇ ಅಂತ ವಿಲೇಜ್ ಆಫೀಸರ್ ಕೈಯಿಂದ ಸರ್ಟಿಫಿಕೇಟ್ ತೆಗೆದುಕೊಳ್ಳಿ, 'ಒನ್ ಆಂಡ್ ಸೇಮ್' ಅಂತ ಕೇಳಿದರೆ ಅವರಿಗೆ ಗೊತ್ತಾಗುತ್ತದೆ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಎರಡೂ ಹೆಸರು ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರ ಸರಿ ಬರೆಸಿ, ಮಲಯಾಳದಲ್ಲಿ ಮಾತ್ರ ಕೊಟ್ಟರೆ ಮತ್ತೆ ಓಡಾಟ.